ಮಜೂರಿ ಎಂಬ ಕೊನೆಯ ಸಾಲು

ಗ್ಯಾರೇಜಿನ ಬಿಲ್ಲನ್ನು ನೀವು ಯಾವತ್ತಾದರೂ ಗಮನವಿಟ್ಟು ಓದಿದ್ದೀರಾ? ನಮ್ಮ ಗಲ್ಲಿಯ ಗ್ಯಾರೇಜಿನಲ್ಲಿ ಅದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಾಲ್ ಪೆನ್ನಿನಿಂದ ಬರೆದ ಐದಾರು ಸಾಲು. ಮೇಲಿನ ಸಾಲುಗಳಲ್ಲಿ ಸಾಮಾನು: ಬೆಲ್ಟ್ ಇಷ್ಟು, ಆಯಿಲ್ ಇಷ್ಟು, ಫಿಲ್ಟರ್ ಇಷ್ಟು. ಅವುಗಳ ಬಗ್ಗೆ ಯಾರೂ ಜಗಳ ಮಾಡುವುದಿಲ್ಲ, ಏಕೆಂದರೆ ಅವು ಡಬ್ಬಿಯಲ್ಲಿ ಬಂದಿರುತ್ತವೆ, ಡಬ್ಬಿಯ ಮೇಲೆ ಬೆಲೆ ಅಚ್ಚಾಗಿರುತ್ತದೆ. ಕೊನೆಯ ಸಾಲು ಮಜೂರಿ. ಅಲ್ಲಿಗೆ ಬಂದ ಕೂಡಲೇ ಎಲ್ಲರ ಧ್ವನಿ ಬದಲಾಗುತ್ತದೆ. ‘ಏನು ಉಸ್ತಾದ್, ನಾಲ್ಕು ಬೋಲ್ಟ್ ಬಿಚ್ಚಿ ಹಾಕೋದಕ್ಕೆ ಇಷ್ಟಾ?’

ಈ ಮಾತನ್ನು ನನ್ನ ಅಬ್ಬಾ ಹೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಕಳೆದ ತಿಂಗಳ ತನಕ ನನಗೂ ಅದು ಸರಿಯಾದ ಮಾತೇ ಅನ್ನಿಸುತ್ತಿತ್ತು. ವ್ಯಾಪಾರ ಅಧ್ಯಯನದ ವಿದ್ಯಾರ್ಥಿನಿಗೆ ಚೌಕಾಸಿ ಬರದಿದ್ದರೆ ಹೇಗೆ? ಈಗ ನನ್ನ ಅಭಿಪ್ರಾಯ ಬದಲಾಗಿದೆ. ಬದಲಾಗಿದ್ದು ಯಾವ ಭಾಷಣ ಕೇಳಿಯೂ ಅಲ್ಲ. ಒಂದು ಭಾನುವಾರ ಬೆಳಿಗ್ಗೆ ಏಳರಿಂದ ಸಂಜೆಯ ತನಕ ನಮ್ಮ ಮನೆಯ ಮುಂದೆ ನಾನು ಮತ್ತು ಅಬ್ಬಾ ನಮ್ಮ ಓಮ್ನಿಯ ಟೈಮಿಂಗ್ ಬೆಲ್ಟ್ ಬದಲಿಸಲು ಹೋಗಿ ಪಟ್ಟ ಪಾಡಿನಿಂದ.

ಅಬ್ಬಾ ದಾವಣಗೆರೆಯ ಸುತ್ತಮುತ್ತಲಿನ ಸಂತೆಗಳಲ್ಲಿ ಮಕ್ಕಳ ರೆಡಿಮೇಡ್ ಬಟ್ಟೆ ಮಾರುತ್ತಾರೆ. ಓಮ್ನಿಯೇ ನಮ್ಮ ಅಂಗಡಿ, ಓಮ್ನಿಯೇ ಗೋದಾಮು. ಅದು ಒಂದು ದಿನ ನಿಂತರೆ ಒಂದು ಸಂತೆ ಹೋಯಿತು ಎಂದೇ ಅರ್ಥ, ಆ ಊರಿನ ಸಂತೆ ಮತ್ತೆ ಬರುವುದು ಒಂದು ವಾರದ ನಂತರ. ಮೀಟರ್ 97,000 ಕಿಲೋಮೀಟರ್ ದಾಟಿದಾಗ ಗ್ಯಾರೇಜಿನ ಉಸ್ತಾದ್ ‘ಟೈಮಿಂಗ್ ಬೆಲ್ಟ್ ಹಾಕಿಸಿಬಿಡಿ ಭಾಯ್, ಇನ್ನು ಎಳೆಯಬೇಡಿ’ ಎಂದರು. ಬೆಲ್ಟ್ ಮತ್ತು ಟೆನ್ಷನರ್ ಸೇರಿ 1,240 ರೂಪಾಯಿ, ಮಜೂರಿ 1,800. ಸಾಮಾನಿಗಿಂತ ಮಜೂರಿ ಹೆಚ್ಚು! ಅಬ್ಬಾಗೆ ಅದೇ ಚುಚ್ಚಿತು. ‘ನಾನು ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ, ನಾವೇ ಹಾಕೋಣ’ ಎಂದು ಬೆಲ್ಟ್, ಟೆನ್ಷನರ್ ಮಾತ್ರ ತಂದರು. ನಾನು ಮೊಬೈಲಿನಲ್ಲಿ ಮೂರು ವಿಡಿಯೊ ನೋಡಿಟ್ಟುಕೊಂಡೆ. ಒಂದು ವಿಡಿಯೊ ಹನ್ನೊಂದು ನಿಮಿಷದ್ದು. ಹನ್ನೊಂದು ನಿಮಿಷದ ಕೆಲಸಕ್ಕೆ 1,800 ರೂಪಾಯಿ ಯಾರು ಕೊಡುತ್ತಾರೆ ಅನ್ನಿಸಿತು.

ಟೈಮಿಂಗ್ ಬೆಲ್ಟ್ ಎಂದರೇನು ಎಂದು ನಮ್ಮ ತರಗತಿಯಲ್ಲಿ ಕೇಳಿದೆ. ಹೆಚ್‌ಇಬಿಎ ಮಕ್ಕಳು ‘ಫ್ಯಾನ್ ಬೆಲ್ಟಾ?’ ಎಂದರು. ಅಲ್ಲ. ಫ್ಯಾನ್ ಬೆಲ್ಟ್ ಎಂಜಿನ್ನಿನ ಹೊರಗೆ ಕಾಣುತ್ತದೆ, ಹೋದರೆ ಮೊದಲೇ ಕಿರುಚಿ ಹೇಳುತ್ತದೆ. ಟೈಮಿಂಗ್ ಬೆಲ್ಟ್ ಮುಚ್ಚಳದ ಒಳಗಿರುತ್ತದೆ, ಒಳಬದಿಗೆ ಹಲ್ಲುಗಳಿರುತ್ತವೆ. ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ಎಂಬ ದಂಡ, ಪಿಸ್ಟನ್‌ಗಳು ಮೇಲೆ ಕೆಳಗೆ ಹೋದಂತೆ ಅದು ಸುತ್ತುತ್ತದೆ. ಮೇಲ್ಗಡೆ ಕ್ಯಾಮ್ ಎಂಬ ಇನ್ನೊಂದು ದಂಡ, ಗಾಳಿ ಪೆಟ್ರೋಲು ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ಅದು ತೆರೆದು ಮುಚ್ಚುತ್ತದೆ. ಇವೆರಡನ್ನೂ ಒಂದೇ ಲಯದಲ್ಲಿ ಇಡುವುದು ಈ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಸರಿಯಾಗಿ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 3,000 ಸುತ್ತು ಓಡುತ್ತಿದ್ದರೆ ಪ್ರತಿ ವಾಲ್ವ್ ನಿಮಿಷಕ್ಕೆ 1,500 ಸಲ, ಅಂದರೆ ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು. ಒಂದು ಹಲ್ಲು ಆಚೀಚೆ ಆದರೂ ಲೆಕ್ಕ ತಪ್ಪುತ್ತದೆ.

ಹಿಂದೆ ಈ ಕೆಲಸವನ್ನು ಚೈನು ಅಥವಾ ಗೇರುಗಳು ಮಾಡುತ್ತಿದ್ದವು. 1960ರ ದಶಕದ ಆರಂಭದಲ್ಲಿ ಪಶ್ಚಿಮ ಜರ್ಮನಿಯ ಗ್ಲಾಸ್ ಎಂಬ ಕಂಪನಿ ತನ್ನ 1004 ಎಂಬ ಸಣ್ಣ ಕಾರಿನಲ್ಲಿ ಹಲ್ಲಿನ ರಬ್ಬರ್ ಬೆಲ್ಟ್ ಹಾಕಿತು. ಹಗುರ, ಅಗ್ಗ, ಸದ್ದಿಲ್ಲ, ಚೈನಿನಂತೆ ಎಣ್ಣೆ ಕೇಳುವುದಿಲ್ಲ. ಹಾಗಾಗಿ ಎಲ್ಲ ಕಡೆ ಹರಡಿತು. ಈಗ ಕೆಲವು ಎಂಜಿನ್‌ಗಳು ಮತ್ತೆ ಚೈನಿಗೆ ಮರಳಿವೆ, ಮಾರುತಿಯ ಕೆ ಸರಣಿಯ ಎಂಜಿನ್ ಒಂದು ಉದಾಹರಣೆ. ನಿಮ್ಮ ಮನೆಯ ಕಾರಿನಲ್ಲಿ ಚೈನಿದ್ದರೆ ಈ ಬೆಲ್ಟಿನ ಗಡುವಿನ ಚಿಂತೆ ನಿಮಗಿಲ್ಲ.

ಬೆಲ್ಟಿನ ಒಂದು ಗುಣ ನನಗೆ ಅಕೌಂಟೆನ್ಸಿ ಪುಸ್ತಕವನ್ನು ನೆನಪಿಸಿತು. ಅದು ಹೋಗುವ ಮುಂಚೆ ಹೇಳುವುದಿಲ್ಲ. ರಬ್ಬರಿನೊಳಗೆ ಗಾಜಿನ ನಾರಿನ ಎಳೆಗಳಿರುತ್ತವೆ. ಅವು ಒಳಗೊಳಗೇ ದಣಿಯುತ್ತವೆ, ಹೊರಗೆ ಚರ್ಮ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಕಾರಿನ ಪುಸ್ತಕದಲ್ಲಿ ಇಷ್ಟು ಕಿಲೋಮೀಟರ್ ಎಂದು ಗಡುವು ಬರೆದಿರುತ್ತಾರೆ, ಹಲವು ಕಾರುಗಳಲ್ಲಿ ಅದು 60,000ದಿಂದ 1,00,000ದ ನಡುವೆ. ಗಾಡಿ ಕಡಿಮೆ ಓಡಿದರೂ ರಬ್ಬರ್ ಮುದಿಯಾಗುತ್ತದೆ, ಹಾಗಾಗಿ ವರ್ಷದ ಲೆಕ್ಕವೂ ಇದೆ. ಚೆನ್ನಾಗಿ ಕಾಣುವ ವಸ್ತುವನ್ನು ದುಡ್ಡು ಕೊಟ್ಟು ತೆಗೆದುಹಾಕುವುದು ಯಾರಿಗೂ ಇಷ್ಟವಿಲ್ಲ. ಆದರೆ ಬರಬಹುದಾದ ನಷ್ಟಕ್ಕೆ ಮೊದಲೇ ಅವಕಾಶ ಮಾಡಿಡಬೇಕು, ಬರದ ಲಾಭವನ್ನು ಮೊದಲೇ ಎಣಿಸಬಾರದು ಎಂದು ನಾವು ಪ್ರಥಮ ಪಿಯುಸಿಯಲ್ಲಿ ಕಲಿತದ್ದು ಇದನ್ನೇ ಅಲ್ಲವೇ?

ನಷ್ಟ ಸಣ್ಣದೂ ಅಲ್ಲ. ನಮ್ಮ ಮನೆಯಲ್ಲಿ ಆರು ಜನರಿಗೆ ಒಂದೇ ಬಚ್ಚಲು. ಎಲ್ಲರೂ ತಮ್ಮ ತಮ್ಮ ಹೊತ್ತಿಗೆ ಹೋಗಿಬಂದರೆ ತೊಂದರೆಯಿಲ್ಲ, ಇಬ್ಬರು ಒಟ್ಟಿಗೆ ನುಗ್ಗಿದರೆ ಮಹಾಯುದ್ಧ. ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ವಾಲ್ವ್ ಹೀಗೆಯೇ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿಗೆ ಬಳಸುತ್ತವೆ. ಬೆಲ್ಟ್ ಕಡಿದರೆ ಕ್ಯಾಮ್ ನಿಂತುಬಿಡುತ್ತದೆ, ಅರ್ಧ ತೆರೆದ ವಾಲ್ವ್ ಅಲ್ಲೇ ಉಳಿಯುತ್ತದೆ, ಪಿಸ್ಟನ್ ಮೇಲೆ ಬಂದು ಗುದ್ದುತ್ತದೆ. ವಾಲ್ವ್ ಬಾಗುತ್ತದೆ, ಹೆಡ್ ಬಿಚ್ಚಬೇಕು. ಡೀಸೆಲ್ ಎಂಜಿನ್‌ಗಳಲ್ಲಿ ಒಳಗೆ ಜಾಗವೇ ಕಡಿಮೆ, ಅಲ್ಲಿ ಇನ್ನೂ ಕಷ್ಟ. ನಮ್ಮ ಓಮ್ನಿಯಂಥ 796 ಸಿಸಿ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ವಾಲ್ವಿಗೆ ಏನೂ ಆಗುವುದಿಲ್ಲ ಎಂದು ಎದುರು ಮನೆಯ ಚಾಚಾ ವಾದಿಸಿದರು. ಆ ವಾದವನ್ನು ನಮ್ಮ ಬಂಡವಾಳದ ಮೇಲೆ ಪರೀಕ್ಷಿಸುವ ಮನಸ್ಸು ಅಬ್ಬಾಗೆ ಇರಲಿಲ್ಲ. ವಾಲ್ವ್ ಉಳಿದರೂ ಸಂತೆಯ ದಾರಿಯ ನಡುವೆ ಗಾಡಿ ನಿಲ್ಲುವುದಂತೂ ಖಚಿತ.

ಆ ಭಾನುವಾರಕ್ಕೆ ಬರುತ್ತೇನೆ.

ಓಮ್ನಿಯ ಎಂಜಿನ್ ಮುಂದಿನ ಸೀಟುಗಳ ಕೆಳಗಿದೆ. ಸೀಟು ಎತ್ತಿದರೆ ಕಾಣುತ್ತದೆ, ಆದರೆ ಕೈ ಸಲೀಸಾಗಿ ಹೋಗುವುದಿಲ್ಲ. ಅರ್ಧ ಕೆಲಸ ಮೇಲಿಂದ, ಅರ್ಧ ಕೆಳಗಿಂದ. ನನ್ನನ್ನು ಸೇರಿಸಿಕೊಂಡಿದ್ದೇ ನನ್ನ ಕೈ ಸಣ್ಣದು ಎಂಬ ಕಾರಣಕ್ಕೆ. ಅಮ್ಮಿ ಬಾಗಿಲಲ್ಲಿ ನಿಂತು ‘ದುಪಟ್ಟಾ ಹಿಂದಕ್ಕೆ ಗಂಟು ಹಾಕಿಕೋ, ಮಷೀನಿಗೆ ಸಿಗತ್ತೆ’ ಎಂದು ಮೂರು ಸಲ ಹೇಳಿದರು. ಗಲ್ಲಿಯ ಹೆಂಗಸರು ನೀರು ಹಿಡಿಯುವ ನೆಪದಲ್ಲಿ ಬಂದು ನೋಡಿ ಹೋದರು. ಒಬ್ಬ ಖಾಲಾ ‘ಪಿಯುಸಿಗೆ ಸೇರಿಸಿದ್ದು ಇದಕ್ಕಾ?’ ಎಂದು ಕೇಳಿಯೂಬಿಟ್ಟರು. ಆ ಪ್ರಶ್ನೆಯನ್ನು ನೆನಪಿಡಿ.

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದೆವು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂಭಾಗ ಎತ್ತಿದೆವು. ಇಲ್ಲಿ ಒಂದು ಮಾತು ಕಡ್ಡಾಯವಾಗಿ ಹೇಳಬೇಕು. ಜಾಕ್ ಗಾಡಿಯನ್ನು ಎತ್ತುವುದಕ್ಕೆ ಮಾತ್ರ, ಹಿಡಿದು ನಿಲ್ಲಿಸುವುದಕ್ಕೆ ಅಲ್ಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮೈ ತೂರಿಸಬಾರದು. ಅಬ್ಬಾ ಮೊದಲು ಸಿಮೆಂಟ್ ಇಟ್ಟಿಗೆ ಜೋಡಿಸಲು ಹೋದರು. ಟೊಳ್ಳು ಇಟ್ಟಿಗೆ ಭಾರಕ್ಕೆ ಒಮ್ಮೆಲೇ ಪುಡಿಯಾಗುತ್ತದೆ ಎಂದು ವಿಡಿಯೊದವನು ಹೇಳಿದ್ದ, ನಾನು ಜಗಳ ಮಾಡಿ ಗ್ಯಾರೇಜಿನಿಂದಲೇ ಎರಡು ಕಬ್ಬಿಣದ ಸ್ಟ್ಯಾಂಡ್ ತಂದೆ. ಮಜೂರಿ ಕೊಡದೆ ತಪ್ಪಿಸಿಕೊಂಡವರಿಗೆ ಉಸ್ತಾದ್ ಸ್ಟ್ಯಾಂಡನ್ನು ಬಾಡಿಗೆಯಿಲ್ಲದೆ ಕೊಟ್ಟರು. ನಾಚಿಕೆಯ ಮೊದಲ ಕಂತು ಅದು.

ಫ್ಯಾನ್ ಬೆಲ್ಟ್ ಬಿಚ್ಚುವ ತನಕ ಎಲ್ಲ ವಿಡಿಯೊದಂತೆಯೇ ನಡೆಯಿತು. ಕ್ರ್ಯಾಂಕ್ ಪುಲ್ಲಿ ಬಿಚ್ಚುವಾಗ ವಿಡಿಯೊ ಮುಗಿದು ನಿಜವಾದ ಗಾಡಿ ಶುರುವಾಯಿತು. ಬೋಲ್ಟ್ ತಿರುಗಿಸಿದರೆ ಎಂಜಿನ್ನೇ ತಿರುಗುತ್ತದೆ. ಟಾಪ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಹಿಡಿದರೂ ವರ್ಷಗಳ ಮಣ್ಣು, ತುಕ್ಕು. ನಮ್ಮ ಪಾನಾ ಜಾರಿ ಅಬ್ಬಾನ ಗೆಣ್ಣು ಸುಲಿಯಿತು. ಸಾಕೆಟ್, ಉದ್ದನೆಯ ಬಾರ್ ಎಂದು 480 ರೂಪಾಯಿ ಕೊಟ್ಟು ತಂದಾಗ ಹನ್ನೊಂದು ಗಂಟೆ. ವಿಡಿಯೊದಲ್ಲಿ ಈ ಭಾಗ ನಾಲ್ಕು ಸೆಕೆಂಡು.

ಮುಚ್ಚಳ ತೆಗೆದ ಮೇಲೆ ಮುಖ್ಯ ಕೆಲಸ ಗುರುತು ಹೊಂದಿಸುವುದು. ಕ್ಯಾಮ್ ಪುಲ್ಲಿಯ ಮೇಲೆ ಒಂದು ಗುರುತು, ಅದರ ಹಿಂದಿನ ಗೋಡೆಯ ಮೇಲೆ ಒಂದು. ಕ್ರ್ಯಾಂಕ್ ಕಡೆಯೂ ಹಾಗೆಯೇ. ಎಂಜಿನ್ನನ್ನು ಕೈಯಿಂದ ತಿರುಗಿಸಿ ಎರಡು ಕಡೆಯ ಗುರುತುಗಳನ್ನೂ ಎದುರುಬದುರು ತಂದು, ಆ ಮೇಲೆ ಹಳೆಯ ಬೆಲ್ಟ್ ತೆಗೆದು ಹೊಸದನ್ನು ಹಾಕಬೇಕು. ಬೆಲ್ಟನ್ನು ಮಡಚಬಾರದು, ತಿರುಚಬಾರದು, ಒಳಗಿನ ಗಾಜಿನ ಎಳೆ ಮುರಿಯುತ್ತದೆ. ಪಾನಾ ತೂರಿಸಿ ಮೀಟಿ ಹಾಕಬಾರದು. ಹಾಕಿದ ಮೇಲೆ ಕೀಲಿ ತಿರುಗಿಸಬಾರದು. ಮೊದಲು ಕೈಯಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಒಂದಾಗುತ್ತವೆಯೋ ನೋಡಬೇಕು. ಎರಡು ಸುತ್ತು ಏಕೆಂದು ಮೇಲೆಯೇ ಹೇಳಿದ್ದೇನೆ, ಆಗಲೇ ಕ್ಯಾಮ್ ಒಂದು ಸುತ್ತು ಮುಗಿಸಿ ಮನೆಗೆ ಬರುವುದು. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಬೇಕು, ಬಲ ಹಾಕಬಾರದು.

ನಾವು ಹಾಕಿದೆವು, ತಿರುಗಿಸಿದೆವು. ಕೆಳಗಿನ ಗುರುತು ಸರಿ ಬಂತು, ಮೇಲಿನದು ಒಂದು ಹಲ್ಲು ಹಿಂದೆ. ಬಿಚ್ಚಿ ಮತ್ತೆ ಹಾಕಿದೆವು. ಮತ್ತೆ ಒಂದು ಹಲ್ಲು ಹಿಂದೆ. ಮೂರನೇ ಸಲವೂ ಅದೇ. ಹೊತ್ತು ಮೂರು ಗಂಟೆ. ಅಬ್ಬಾ ‘ಒಂದು ಹಲ್ಲು ತಾನೇ, ಸ್ಟಾರ್ಟ್ ಮಾಡಿ ನೋಡೋಣ’ ಎಂದರು. ಅವರ ಮುಖ ನೋಡಿದೆ. ಮರುದಿನ ಸಂತೆ ಇತ್ತು, ಅವರ ತಲೆಯಲ್ಲಿ ಅದೇ ಓಡುತ್ತಿತ್ತು. ನಾನು ಕೀಲಿಯನ್ನು ಕುರ್ತಾದ ಜೇಬಿಗೆ ಹಾಕಿಕೊಂಡೆ. ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಬಹುಶಃ ಅದು.

ಅಮ್ಮಿಯೇ ಉಸ್ತಾದರಿಗೆ ಫೋನ್ ಮಾಡಿದರು. ಅವರು ಮದುವೆಗೆಂದು ಬೇರೆ ಊರಿಗೆ ಹೊರಟಿದ್ದರು, ತಮ್ಮ ಹುಡುಗನನ್ನು ಕಳಿಸಿದರು. ಬಂದವನನ್ನು ನೋಡಿ ನಾನು ತಲೆ ತಗ್ಗಿಸಿದೆ. ಎಸ್‌ಎಸ್‌ಎಲ್‌ಸಿ ತನಕ ನನ್ನ ತರಗತಿಯಲ್ಲೇ ಇದ್ದವನು. ಗಣಿತದಲ್ಲಿ ಫೇಲಾಗಿ ಗ್ಯಾರೇಜ್ ಸೇರಿದ. ಹೆಸರು ಬರೆಯಬೇಡ ಎಂದಿದ್ದಾನೆ. ನಾನು ಆಗ ಅವನ ಬಗ್ಗೆ ಏನೆಂದುಕೊಂಡಿದ್ದೆ ಎಂಬುದನ್ನು ಬರೆಯಲು ನನಗೂ ಇಷ್ಟವಿಲ್ಲ.

ಅವನು ಮೊದಲು ಎಂಜಿನ್ ನೋಡಲಿಲ್ಲ. ನಾವು ಎಸೆದಿದ್ದ ಹಳೆಯ ಬೆಲ್ಟ್ ಎತ್ತಿಕೊಂಡು ಅಂಚನ್ನು ಬೆರಳಿನಿಂದ ಉಜ್ಜಿ, ಮೂಸಿ ನೋಡಿದ. ‘ಚಾಚಾ, ಕ್ಯಾಮ್ ಸೀಲ್ ತಂದಿದ್ದೀರಾ?’ ನಾವು ಮುಖ ಮುಖ ನೋಡಿಕೊಂಡೆವು. ಬೆಲ್ಟಿನ ಅಂಚಿಗೆ ಎಣ್ಣೆ ಹತ್ತಿತ್ತು. ಕ್ಯಾಮ್ ದಂಡದ ಸೀಲ್ ಸೋರುತ್ತಿದೆ ಎಂದರ್ಥ. ಎಣ್ಣೆ ರಬ್ಬರನ್ನು ತಿನ್ನುತ್ತದೆ. ಆ ಸೀಲ್ ಬದಲಿಸದಿದ್ದರೆ ಹೊಸ ಬೆಲ್ಟ್ ಗಡುವಿನ ಬಹಳ ಮೊದಲೇ ಹಾಳಾಗುತ್ತಿತ್ತು. ನಾವಿಬ್ಬರೂ ಅದೇ ಬೆಲ್ಟನ್ನು ಬೆಳಿಗ್ಗೆಯಿಂದ ಹತ್ತು ಸಲ ಮುಟ್ಟಿದ್ದೆವು. ನಮ್ಮ ಕೈಗೂ ಎಣ್ಣೆ ಹತ್ತಿತ್ತು. ಗ್ಯಾರೇಜ್ ಕೆಲಸ ಎಂದ ಮೇಲೆ ಎಣ್ಣೆ ಇರದೆ ಇರುತ್ತದೆಯೇ ಎಂದುಕೊಂಡಿದ್ದೆವು ಅಷ್ಟೇ.

ಗ್ಯಾರೇಜಿಗೆ ಓಡಿಹೋಗಿ 110 ರೂಪಾಯಿಯ ಸೀಲ್ ತಂದು ಕೂರಿಸಿದ. ಆ ಮೇಲೆ ಬೆಲ್ಟ್. ನಾವು ಸಡಿಲವನ್ನು ತಪ್ಪು ಕಡೆ ಬಿಡುತ್ತಿದ್ದೆವಂತೆ. ಟೆನ್ಷನರ್ ಇಲ್ಲದ ಕಡೆ ಬೆಲ್ಟ್ ಮೊದಲೇ ಬಿಗಿಯಾಗಿ ನಿಲ್ಲಬೇಕು, ಸಡಿಲವೆಲ್ಲ ಟೆನ್ಷನರ್ ಕಡೆ ಸೇರಬೇಕು. ಟೆನ್ಷನರಿನ ಬೋಲ್ಟ್ ಬಿಗಿಯದೆ, ಅದರ ಸ್ಪ್ರಿಂಗ್ ತಾನಾಗಿ ಎಳೆದುಕೊಳ್ಳಲು ಬಿಟ್ಟು, ಕೈಯಿಂದ ಎರಡು ಸುತ್ತು ತಿರುಗಿಸಿ, ಕೊನೆಗೆ ಬೋಲ್ಟ್ ಬಿಗಿಯಬೇಕು. ನಾವು ಬೆಲ್ಟ್ ಹಾಕಿದ ಕೂಡಲೇ ಗಡಿಬಿಡಿಯಲ್ಲಿ ಬಿಗಿದುಬಿಡುತ್ತಿದ್ದೆವು. ಅಬ್ಬಾ ಮತ್ತೆ ಪಾನಾ ಹಿಡಿದು ಮುಂದೆ ಬಂದಾಗ ಅವನು ನಗುತ್ತ ‘ಜಲ್ದಿ ನಕ್ಕೋ ಚಾಚಾ’ ಎಂದ. ಎರಡು ಸುತ್ತು ತಿರುಗಿಸಿದ. ಗುರುತುಗಳು ಒಂದಾದವು. ಅಷ್ಟಕ್ಕೆ ನಿಲ್ಲಿಸದೆ ಇನ್ನೆರಡು ಸುತ್ತು ತಿರುಗಿಸಿದ. ‘ಏಕೆ?’ ಎಂದು ಕೇಳಿದೆ. ‘ಒಂದು ಸಲ ಸರಿ ಬಂದ್ರೆ ನಸೀಬು, ಎರಡು ಸಲ ಬಂದ್ರೆ ಕೆಲಸ’ ಎಂದ. ಉಸ್ತಾದರ ಮಾತಂತೆ.

ಗಾಡಿ ಸ್ಟಾರ್ಟ್ ಆಗುವಾಗ ಮಗ್ರಿಬ್ ಅಜಾನ್ ಆಗುತ್ತಿತ್ತು.

ಈಗ ಲೆಕ್ಕ. ಉಸ್ತಾದ್ ಮರುದಿನ ಹುಡುಗನ ಕೆಲಸಕ್ಕೆ 300 ರೂಪಾಯಿ ತೆಗೆದುಕೊಂಡರು. ಅವರು ಕೇಳಿದ್ದ ಮಜೂರಿ 1,800ರಲ್ಲಿ ಈ 300 ಮತ್ತು ಪಾನಾ ಸಾಮಾನಿನ 480 ಕಳೆದರೆ ನಮಗೆ ಉಳಿದದ್ದು 1,020. ನಾನು ಮತ್ತು ಅಬ್ಬಾ ತಲಾ ಒಂಬತ್ತು ಗಂಟೆ ದುಡಿದೆವು, ಒಟ್ಟು ಹದಿನೆಂಟು ಗಂಟೆ, ನಡುವೆ ಊಟ ಮತ್ತು ಜಗಳ ಬೇರೆ. ಗಂಟೆಗೆ 57 ರೂಪಾಯಿ ಬಿತ್ತು. ಪಾನಾ ಆಸ್ತಿ, ಅದನ್ನು ಖರ್ಚಿಗೆ ಹಾಕಬಾರದು ಎಂದು ನಮ್ಮ ಅಕೌಂಟೆನ್ಸಿ ಸರ್ ತಿದ್ದಿದರು. ಹಾಗೆ ನೋಡಿದರೆ 83 ರೂಪಾಯಿ. ಸುಲಿದ ಗೆಣ್ಣಿಗೆ ಯಾವ ಖಾತೆ ಎಂದು ಕೇಳಿದೆ, ನಕ್ಕರು.

ಇನ್ನೊಂದು ಕಡೆಯ ಲೆಕ್ಕವನ್ನೂ ಪ್ರಾಮಾಣಿಕವಾಗಿ ಮಾಡಬೇಕು. ಉಸ್ತಾದ್ ಇದೇ ಕೆಲಸವನ್ನು ಎರಡೂವರೆ ಗಂಟೆಯಲ್ಲಿ ಮುಗಿಸುತ್ತಾರೆ. 1,800ನ್ನು ಎರಡೂವರೆಯಿಂದ ಭಾಗಿಸಿದರೆ ಗಂಟೆಗೆ 720. ನೋಡಿದ ಕೂಡಲೇ ಯಾರಿಗಾದರೂ ಕಣ್ಣು ಕೆಂಪಾಗುತ್ತದೆ. ಆದರೆ ಅದರೊಳಗೆ ಶೆಡ್ಡಿನ ಬಾಡಿಗೆ ಇದೆ, ಹುಡುಗನ ಪಗಾರವಿದೆ, ಪಾನಾಗಳಿವೆ, ಗಾಡಿ ಬಾರದ ದಿನಗಳಿವೆ. ಇಪ್ಪತ್ತೆರಡು ವರ್ಷ ಎಣ್ಣೆ ಮೂಸಿ ಕಲಿತದ್ದಿದೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮಲ್ಲಿ ಇಲ್ಲದ ಒಂದು ವಸ್ತುವಿದೆ: ಬೆಲ್ಟ್ ಹಾರಿದರೆ ಯಾರ ಬಾಗಿಲು ತಟ್ಟಬೇಕು ಎಂಬುದು ನಮಗೆ ಗೊತ್ತಿರುತ್ತದೆ, ಅವರು ಬಾಗಿಲು ತೆರೆಯುತ್ತಾರೆ. ಮೂರು ಗಂಟೆಗೆ ಅಬ್ಬಾ ಕೀಲಿ ತಿರುಗಿಸಿ ಏನಾದರೂ ಆಗಿದ್ದರೆ ನಾವು ಯಾರನ್ನು ಕೇಳುತ್ತಿದ್ದೆವು? ಹನ್ನೊಂದು ನಿಮಿಷದ ವಿಡಿಯೊದವನನ್ನೇ?

ಗ್ಯಾರೇಜಿನವರು ಮೋಸ ಮಾಡುವುದಿಲ್ಲವೇ ಎಂದು ನೀವು ಕೇಳುತ್ತೀರಿ. ಮಾಡುವವರಿದ್ದಾರೆ. ಚೆನ್ನಾಗಿರುವ ಸಾಮಾನು ಹೋಗಿದೆ ಎನ್ನುತ್ತಾರೆ, ಹಾಕದ ಸಾಮಾನಿಗೆ ಬಿಲ್ ಬರೆಯುತ್ತಾರೆ. ಇದನ್ನು ಉಸ್ತಾದರಿಗೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. ‘ಮಜೂರಿ ಸಾವಿರದೆಂಟುನೂರು ಅಂದ್ರೆ ಗಿರಾಕಿ ಸಾವಿರಕ್ಕೆ ಇಳಿಸ್ತಾನೆ. ಸಾಮಾನಿನ ರೇಟ್ ಕೇಳೋದೇ ಇಲ್ಲ. ಹಾಗಾದ್ರೆ ಕೆಲವರು ಎಂಟುನೂರು ಎಲ್ಲಿಂದ ತೆಗೀತಾರೆ, ನೀನೇ ಹೇಳು’ ಎಂದರು. ಅಂಗಡಿಯ ಕಮಿಷನ್ನಿನಲ್ಲಿ, ಬೇಡದ ಸಾಮಾನಿನಲ್ಲಿ. ನಾವು ಕೊನೆಯ ಸಾಲನ್ನು ಒತ್ತಿದಷ್ಟೂ ಅದು ಮೇಲಿನ ಸಾಲುಗಳಲ್ಲಿ ಉಬ್ಬುತ್ತದೆ. ಪ್ರಾಮಾಣಿಕ ಮೆಕ್ಯಾನಿಕ್ ಮಾತ್ರ ಒತ್ತಿಸಿಕೊಂಡು ಸುಮ್ಮನಿರುತ್ತಾನೆ, ಅಂದರೆ ನಮ್ಮ ಚೌಕಾಸಿಯಲ್ಲಿ ಸೋಲುವವನು ಅವನೊಬ್ಬನೇ. ಮೋಸದ ಭಯವಿದ್ದರೆ ಅದಕ್ಕೆ ಬೇರೆ ದಾರಿ ಇದೆ. ತೆಗೆದ ಹಳೆಯ ಸಾಮಾನನ್ನು ಕೈಗೆ ಕೊಡಿ ಎಂದು ಕೇಳಿ, ಡಬ್ಬಿ ತೋರಿಸಿ ಎನ್ನಿ, ಏಕೆ ಬದಲಿಸಿದಿರಿ ಎಂದು ಕೇಳಿ. ಇವನ್ನು ಕೇಳಲು ನಮಗೆ ನಾಚಿಕೆ, ಕೂಲಿ ಕಡಿಯಲು ನಾಚಿಕೆಯಿಲ್ಲ.

ಏಸಿ ಹಾಕಿದ ದೊಡ್ಡ ಸರ್ವಿಸ್ ಸೆಂಟರಿಗೆ ಹೋದಾಗ ನಾವು ಹೀಗೆ ಮಾಡುವುದಿಲ್ಲ ಎಂಬುದನ್ನೂ ಗಮನಿಸಿ. ಅಲ್ಲಿ ಕಂಪ್ಯೂಟರ್ ಬಿಲ್ಲಿನಲ್ಲಿ ಲೇಬರ್ ಎಂದು ಅಚ್ಚಾಗಿರುತ್ತದೆ, ಅದರ ಮೇಲೆ ಶೇ. 18 ಜಿಎಸ್‌ಟಿ. ನನ್ನ ಮಾಮು ತಮ್ಮ ಕಾರಿಗೆ ಅಷ್ಟನ್ನೂ ಮಾತಿಲ್ಲದೆ ಕಾರ್ಡ್ ಉಜ್ಜಿ ಕೊಟ್ಟು ಬಂದರು. ಅದೇ ಮಾಮು ಗಲ್ಲಿಯ ಗ್ಯಾರೇಜಿನಲ್ಲಿ ಐವತ್ತು ರೂಪಾಯಿಗೆ ಅರ್ಧ ಗಂಟೆ ನಿಲ್ಲುತ್ತಾರೆ. ಕೂಲಿಯ ಬಗ್ಗೆ, ಬೆವರಿನ ಬಗ್ಗೆ ಜುಮ್ಮಾ ಬಯಾನಿನಲ್ಲಿ ಕೇಳಿದ ಮಾತು ನಮ್ಮೆಲ್ಲರಿಗೂ ಬಾಯಿಪಾಠ. ಬೇಗ ಕೊಡುವುದರ ಬಗ್ಗೆ ನಾವು ತಲೆಯಾಡಿಸುತ್ತೇವೆ, ಪೂರ್ತಿ ಕೊಡುವುದರ ಬಗ್ಗೆ ಯೋಚಿಸುವುದಿಲ್ಲ.

ಹಾಗಾದರೆ ಮನೆಯಲ್ಲಿ ಟೈಮಿಂಗ್ ಬೆಲ್ಟ್ ಹಾಕಲೇಬಾರದೇ? ಹಾಕಬಹುದು, ಜೀವನದಲ್ಲಿ ಒಮ್ಮೆಯಾದರೂ ಹಾಕಿ ನೋಡಬೇಕು ಎಂದೇ ನಾನು ಹೇಳುತ್ತೇನೆ. ಆದರೆ ದುಡ್ಡು ಉಳಿಸಲೆಂದು ಬೇಡ. ಸರಳವಾದ ಹಳೆಯ ಪೆಟ್ರೋಲ್ ಎಂಜಿನ್ ಇರಲಿ, ಪಕ್ಕದಲ್ಲಿ ಗೊತ್ತಿರುವವರೊಬ್ಬರು ಇರಲಿ, ಮರುದಿನ ಗಾಡಿಯ ಅವಸರ ಇರದಿರಲಿ. ಡೀಸೆಲ್ ಗಾಡಿ, ಕ್ಯಾಮ್ ಹಿಡಿದು ನಿಲ್ಲಿಸಲು ವಿಶೇಷ ಉಪಕರಣ ಕೇಳುವ ಹೊಸ ಎಂಜಿನ್, ಇವುಗಳ ತಂಟೆಗೆ ಹೋಗಬೇಡಿ. ಬದಲಿಸಿದ ದಿನ, ಮೀಟರಿನ ಅಂಕಿ ಎರಡನ್ನೂ ಬರೆದು ಎಂಜಿನ್ ಹತ್ತಿರ ಅಂಟಿಸಿ. ನಮ್ಮ ಓಮ್ನಿಯಲ್ಲಿ ಅದು ನನ್ನ ಕೈಬರಹದಲ್ಲಿದೆ.

ಖಾಲಾ ಕೇಳಿದ ಪ್ರಶ್ನೆಗೆ ಬರುತ್ತೇನೆ. ಪಿಯುಸಿಗೆ ಸೇರಿಸಿದ್ದು ಇದಕ್ಕಾ? ನಮ್ಮ ಬೀದಿಗಳಲ್ಲಿ ಗ್ಯಾರೇಜ್ ಎಂದರೆ ಓದು ಹತ್ತದವರು ಹೋಗುವ ಜಾಗ. ‘ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ’ ಎಂದು ನಮ್ಮಲ್ಲಿ ಎಷ್ಟು ಜನ ಬೈಸಿಕೊಂಡಿಲ್ಲ? ಆ ಬೈಗುಳವನ್ನು ಗ್ಯಾರೇಜಿನ ಹುಡುಗರೂ ಕೇಳುತ್ತಾರೆ, ಅವರ ಮಜೂರಿ ಕಡಿಯುವ ಧೈರ್ಯ ನಮಗೆ ಬರುವುದೂ ಅಲ್ಲಿಂದಲೇ. ನನ್ನ ಹಳೆಯ ಸಹಪಾಠಿ ಗಣಿತದಲ್ಲಿ ಫೇಲು. ಎರಡು ಸುತ್ತಿಗೆ ಒಂದು ಸುತ್ತು ಎಂಬ ಲೆಕ್ಕವನ್ನು ಅವನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದಾನೆ, ನಾನು ಬರೆದು ನೋಡಿ ಅರ್ಥ ಮಾಡಿಕೊಳ್ಳಬೇಕಾಯಿತು. ಅವನು ಮತ್ತೆ ಪರೀಕ್ಷೆ ಕಟ್ಟಿ ಪಾಸಾದರೆ ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಎಂಬ ಎರಡು ವರ್ಷದ ಕೋರ್ಸ್ ಇದೆ, ಸರ್ಟಿಫಿಕೇಟ್ ಸಿಗುತ್ತದೆ. ಈ ಮಾತನ್ನು ಅವನಿಗೆ ಹೇಳಿದ್ದೇನೆ, ಗಣಿತ ಹೇಳಿಕೊಡುತ್ತೇನೆ ಎಂದೂ ಹೇಳಿದ್ದೇನೆ. ಭಾನುವಾರ ಬರುತ್ತೇನೆ ಎಂದಿದ್ದಾನೆ. ಇನ್ನೂ ಒಂದೇ ಭಾನುವಾರ ಬಂದಿದ್ದಾನೆ.

ನಮ್ಮ ಕಾಲೇಜಿಗೆ ನನ್ನದೊಂದು ಕೋರಿಕೆ. ಪ್ರತಿ ವರ್ಷ ಕಾಮರ್ಸ್ ದಿನಕ್ಕೆ ನಾವು ಬ್ಯಾಂಕಿನವರನ್ನು, ಆಡಿಟರುಗಳನ್ನು ಕರೆಸುತ್ತೇವೆ, ಶಾಲು ಹೊದಿಸುತ್ತೇವೆ, ಲಕೋಟೆಯಲ್ಲಿ ಗೌರವಧನ ಕೊಡುತ್ತೇವೆ. ಈ ವರ್ಷ ಒಬ್ಬ ಗ್ಯಾರೇಜ್ ಉಸ್ತಾದರನ್ನೂ ಕರೆಸೋಣ. ಅವರು ಒಂದು ಗಂಟೆ ತಮ್ಮ ಬಿಲ್ಲಿನ ಕೊನೆಯ ಸಾಲಿನ ಬಗ್ಗೆ ಮಾತಾಡಲಿ, ಹಳೆಯದೊಂದು ಬೆಲ್ಟ್ ತಂದು ನಮ್ಮೆಲ್ಲರ ಕೈಗೆ ಕೊಟ್ಟು ಮೂಸಿ ನೋಡಿ ಎನ್ನಲಿ. ಹುಡುಗಿಯರ ಕಡೆಯ ಸಾಲಿಗೂ ಕೊಡಲಿ. ಗ್ಯಾರೇಜ್ ಮುಚ್ಚಿ ಬರುವುದಕ್ಕೆ ಎಷ್ಟು ಕೊಡಬೇಕು ಎಂದು ಅವರನ್ನೇ ಕೇಳಬೇಕು. ಕೇಳಲು ಹೋಗುವ ಕೆಲಸ ಸ್ಟೂಡೆಂಟ್ ಯೂನಿಯನ್ನಿನವರದ್ದು. ನನ್ನ ಅಬ್ಬಾರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಉಸ್ತಾದ್ ಆ ಸೋಮವಾರ 300 ಎಂದಾಗ ಅವರು ಅಭ್ಯಾಸಬಲದಿಂದ ‘ಇನ್ನೂರೈವತ್ತು ಮಾಡಿ’ ಎಂದುಬಿಟ್ಟಿದ್ದರು.